ಇನಾ ಕಣಿವೆಯ ಹಳ್ಳಿ ಕಬುಕಿ ಮತ್ತು ಯುದ್ಧ ಕೇಳಿದ ಹುಡುಗರು

ಜಪಾನಿನ ಹಳೆಯ ನಾಟಕಕಲೆ ಕಬುಕಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಟೋಕಿಯೊದ ದೊಡ್ಡ ರಂಗಮಂದಿರ, ಅಪ್ಪನಿಂದ ಮಗನಿಗೆ ಹೆಸರು ದಾಟಿಸುತ್ತ ಬಂದ ನಟ ಮನೆತನಗಳು. ಜಪಾನಿನ ಬೆಟ್ಟಸಾಲುಗಳಲ್ಲಿ ಇನ್ನೊಂದು ಕಬುಕಿ ಇದೆ. ಅದನ್ನು ಆಡುವವರು ಗದ್ದೆ ಮಾಡುವವರು, ಮರ ಕಡಿಯುವವರು, ಒಂದು ಕಾಲಕ್ಕೆ ಮನೆಮನೆಯಲ್ಲೂ ರೇಷ್ಮೆಹುಳು ಸಾಕಿದವರು. ಊರ ದೇವರ ಗುಡಿಯ ಅಂಗಳದಲ್ಲಿ ಮರದ ರಂಗ, ಎದುರಿಗೆ ಚಾಪೆ ಹಾಸಿ ಕೂತ ಊರ ಜನ, ಬುತ್ತಿ, ಸಾಕೆ ಎಂಬ ಅಕ್ಕಿಮದ್ಯ. ಆಟ ಮನಸ್ಸಿಗೆ ಹಿಡಿದರೆ ಕಾಗದದಲ್ಲಿ ನಾಣ್ಯ ಸುತ್ತಿ ತಿರುಚಿ ರಂಗದ ಮೇಲೆ ಎಸೆಯುತ್ತಾರೆ. ಇದಕ್ಕೆ ಜಿ-ಶಿಬಾಯಿ ಎನ್ನುತ್ತಾರೆ, ಊರಿನವರದೇ ಆಟ ಎಂಬ ಅರ್ಥದಲ್ಲಿ.

ನಾಗಾನೊ ಪ್ರಾಂತದ ತೆಂಕಣ ತುದಿಯಲ್ಲಿ, ಇನಾ ಕಣಿವೆಯ ಸೀಮೆಯಲ್ಲಿ, ಅಕಾಇಶಿ ಪರ್ವತಗಳ ಬುಡದಲ್ಲಿರುವ ಒಶಿಕಾ ಇಂಥ ಆಟಕ್ಕೆ ಹೆಸರಾದ ಹಳ್ಳಿ. ಅಲ್ಲಿ ಕಬುಕಿ ಆಡಿದ್ದಕ್ಕೆ 1767ರ ಲಿಖಿತ ದಾಖಲೆ ಇದೆ. ಆಗ ಆಳುತ್ತಿದ್ದ ಎದೋ ಸರ್ಕಾರ ಹಳ್ಳಿಗರು ನಾಟಕ ಆಡಬಾರದೆಂದು ಮತ್ತೆ ಮತ್ತೆ ಆಜ್ಞೆ ಹೊರಡಿಸಿತು. ರೈತ ಹೊಲ ಬಿಟ್ಟು ವೇಷ ಕಟ್ಟಿದರೆ ತೆರಿಗೆ ಅಕ್ಕಿ ಎಲ್ಲಿಂದ ಬರಬೇಕು ಎಂಬುದು ಅದರ ಚಿಂತೆ. ಇದು ನಾಟಕವಲ್ಲ, ದೇವರಿಗೆ ಸೇವೆ ಎಂದು ಹಳ್ಳಿಗರು ಉತ್ತರ ಕೊಟ್ಟರು. 1868ರಿಂದಾಚೆಯ ಮೇಜಿ ಕಾಲದಲ್ಲಿ ನಟರಿಗೆ ಪರವಾನಗಿ, ಅದರ ಮೇಲೆ ತೆರಿಗೆ ಬಂತು. ಅದನ್ನೂ ದಾಟಿದರು. ಆಮೇಲೆ ಬಂದ ಎರಡನೆಯ ಮಹಾಯುದ್ಧ ಮಾತ್ರ ಬೇರೆಯೇ ಬಗೆಯ ಪರೀಕ್ಷೆ. ಈ ಸಲ ಸರ್ಕಾರ ಕೇಳಿದ್ದು ಆಟವನ್ನಲ್ಲ, ಆಡುವ ಹುಡುಗರನ್ನು.

ಇದು ಅರ್ಥವಾಗಬೇಕಾದರೆ ಹಳ್ಳಿ ಕಬುಕಿಯ ಹಿಂದೆ ಎಷ್ಟು ಕೈಗಳಿರುತ್ತವೆ ಎಂಬುದನ್ನು ನೋಡಬೇಕು. ರಂಗದ ಮೇಲೆ ಕಾಣುವವರು ಆರೇಳು ಮಂದಿ ಇರಬಹುದು. ಒಂದು ಬದಿಗೆ ಕೂತು ಕಥೆ ನಡೆಸುವವನು ತಾಯು, ನಮ್ಮ ಯಕ್ಷಗಾನದ ಭಾಗವತರ ಸ್ಥಾನ ಅವನದು. ಪಾತ್ರದ ಒಳಗುದಿ, ಅಳು, ನಡುವಿನ ಕಥನ ಎಲ್ಲವನ್ನೂ ಗಿದಾಯು ಎಂಬ ಕಥನಗಾಯನದ ಶೈಲಿಯಲ್ಲಿ ಅವನೇ ಹಾಡುತ್ತಾನೆ. ದೊಡ್ಡ ರಂಗಗಳಲ್ಲಿ ಹಾಡುವವನೊಬ್ಬ, ಶಮಿಸೆನ್ ಎಂಬ ಮೂರು ತಂತಿಯ ವಾದ್ಯ ನುಡಿಸುವವನೊಬ್ಬ. ಒಶಿಕಾದಲ್ಲಿ ಎರಡನ್ನೂ ಒಬ್ಬನೇ ಮಾಡುತ್ತಾನೆ, ಇದು ಈಗ ಜಪಾನಿನಲ್ಲೇ ಅಪರೂಪ. ಹಾಡಿನ ಉಸಿರಿಗೂ ಮೀಟುವ ಕೈಗೂ ಬೇರೆ ಬೇರೆ ಲಯ ಬೇಕಾಗುವ ಕಡೆ ಒಂದು ಇನ್ನೊಂದನ್ನು ಎಳೆದುಬಿಡುತ್ತದೆ, ಆಗ ನಟನ ಹೆಜ್ಜೆಯೂ ತಪ್ಪುತ್ತದೆ. ತಾಯು ತಯಾರಾಗಲು ಆ ಕಾರಣಕ್ಕೇ ವರ್ಷಗಟ್ಟಲೆ ಹಿಡಿಯುತ್ತದೆ.

ರಂಗದ ಇನ್ನೊಂದು ಬದಿಯಲ್ಲಿ ಹಲಗೆಯ ಮೇಲೆ ಎರಡು ಗಟ್ಟಿ ಮರದ ತುಂಡುಗಳನ್ನು ಬಡಿಯುವವನು ಕೂರುತ್ತಾನೆ. ನಟ ಆವೇಶದ ತುದಿಗೆ ಬಂದು ತಲೆ ಸುತ್ತಿಸಿ, ಕಣ್ಣು ಕೆಕ್ಕರಿಸಿ, ಒಂದು ಭಂಗಿಯಲ್ಲಿ ಕಲ್ಲಾಗಿ ನಿಲ್ಲುತ್ತಾನಲ್ಲ, ಅದಕ್ಕೆ 'ಮಿಯೆ' ಎಂದು ಹೆಸರು. ತಲೆ ನಿಂತ ಆ ಗಳಿಗೆಗೇ ಏಟು ಬೀಳಬೇಕು. ಅರೆಕ್ಷಣ ತಡವಾದರೂ ಭಂಗಿಯ ಬಲ ಸೋರಿಹೋಗುತ್ತದೆ, ಬೇಗ ಬಿದ್ದರೆ ನಟ ಬೆಚ್ಚಿದ ಹಾಗೆ ಕಾಣುತ್ತದೆ. ಅನೇಕ ಹಳ್ಳಿ ರಂಗಗಳಲ್ಲಿ ನಡುವಿನ ವೃತ್ತಾಕಾರದ ನೆಲ ತಿರುಗುತ್ತದೆ. ತಿರುಗಿಸುವುದು ನೆಲದಡಿಯ ಗುಂಡಿಯಲ್ಲಿ ನಿಂತು ಅಡ್ಡಗಳುಗಳನ್ನು ಎದೆಗೊಟ್ಟು ದೂಡುವ ಗಟ್ಟಿ ಆಳುಗಳು. ಎಲ್ಲರೂ ಒಂದೇ ಉಸಿರಿಗೆ ಹೆಜ್ಜೆ ಎತ್ತದಿದ್ದರೆ ಮೇಲೆ ನಿಂತ ಮನೆ, ಬಾಗಿಲು, ನಟ ಎಲ್ಲ ಜೋಲಿ ಹೊಡೆಯುತ್ತವೆ. ಮಳೆಗಾಲದಲ್ಲಿ ಮರ ಊದಿಕೊಂಡರೆ ಚಕ್ರ ಕಚ್ಚಿಕೊಳ್ಳುತ್ತದೆ. ಇಷ್ಟಲ್ಲದೆ ಕಪ್ಪು ಬಟ್ಟೆ ತೊಟ್ಟು ಹಿಂದಿನಿಂದ ನೆರವಾಗುವವರು, ವೇಷ ಉಡಿಸುವವರು, ತಲೆಗೂದಲು ಕೂರಿಸುವವರು, ಪರದೆ ಎಳೆಯುವವರು. ಒಂದು ಅಂಕಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಸುಲಭವಾಗಿ ಬೇಕು. ಹಳ್ಳಿಗಳಲ್ಲಿ ಈ ಜನ ಬರುತ್ತಿದ್ದದ್ದು ಊರಿನ ಯುವಕರ ಕೂಟದಿಂದ. ಹದಿನೈದು ದಾಟಿದ ಹುಡುಗ ಅದಕ್ಕೆ ಸೇರುತ್ತಿದ್ದ. ಹಬ್ಬ, ಬೆಂಕಿ ಕಾವಲು, ದಾರಿ ದುರಸ್ತಿ ಜೊತೆಗೆ ಆಟವೂ ಆ ಕೂಟದ ಹೊಣೆ.

ಸೈನ್ಯಕ್ಕೂ ಅದೇ ವಯಸ್ಸಿನವರೇ ಬೇಕಿತ್ತು.

ಆಗ ಜಪಾನಿನಲ್ಲಿ ಗಂಡುಮಕ್ಕಳಿಗೆ 20ಕ್ಕೆ ಸೈನ್ಯದ ತಪಾಸಣೆ. 1943ರ ಡಿಸೆಂಬರಿನಲ್ಲಿ ಅದನ್ನು 19ಕ್ಕೆ ಇಳಿಸಿದರು. ಇನಾ ಕಣಿವೆಗೆ ಸೈನ್ಯಕ್ಕಿಂತ ಮೊದಲೇ ಇನ್ನೊಂದು ಕರೆ ಬಂದಿತ್ತು. 1930ರ ಸುಮಾರಿಗೆ ರೇಷ್ಮೆಯ ಬೆಲೆ ಕುಸಿದು ಈ ಕಣಿವೆ ಸಾಲದಲ್ಲಿ ಮುಳುಗಿತು. ಜಪಾನ್ ಹಿಡಿದಿದ್ದ ಈಶಾನ್ಯ ಚೀನಾದ ಮಂಚೂರಿಯಾಕ್ಕೆ ಹೋದರೆ ಭೂಮಿ ಸಿಗುತ್ತದೆ ಎಂಬ ಸರ್ಕಾರದ ಮಾತಿಗೆ ನಾಗಾನೊ ಪ್ರಾಂತದಿಂದ ಸುಮಾರು 33,000 ಜನ ಹೊರಟರು, ಬೇರಾವ ಪ್ರಾಂತದಿಂದಲೂ ಅಷ್ಟು ಜನ ಹೋಗಲಿಲ್ಲ. ಅವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಇಯಿದಾ ಮತ್ತು ಶಿಮೊಇನಾದವರು. ಒಶಿಕಾ ಇರುವುದೂ ಮುಂದೆ ಹೇಳುವ ಬೊಂಬೆಯಾಟದ ಹಳ್ಳಿಗಳಿರುವುದೂ ಇದೇ ಸೀಮೆಯಲ್ಲಿ. 1938ರಿಂದ ಹದಿಹರೆಯದ ಹುಡುಗರಿಗೆಂದೇ ಬೇರೆ ವಲಸೆ ಪಡೆ ಶುರುವಾಯಿತು. ಇಬರಾಕಿಯ ಉಚಿಹಾರಾದಲ್ಲಿ ತರಬೇತಿ ಕೊಟ್ಟು ಮಂಚೂರಿಯಾದ ಗಡಿ ಬಯಲಿಗೆ ಕಳಿಸುತ್ತಿದ್ದರು. ಶಾಲೆ ಮುಗಿಸಿದ ಮನೆಯ ಎರಡನೆಯ, ಮೂರನೆಯ ಗಂಡುಮಗನನ್ನು ಕಳಿಸಿ ಎಂದು ಮೇಷ್ಟ್ರುಗಳೇ ಮನೆಮನೆಗೆ ಹೋಗಿ ಒತ್ತಾಯಿಸುತ್ತಿದ್ದರು. ಮೊದಲ ವೇಷಕ್ಕೆ ಕೂರಿಸುವ ವಯಸ್ಸಿನ ಮಕ್ಕಳು ಅವರು. 1945ರ ಆಗಸ್ಟ್ 9ರಂದು ಸೋವಿಯತ್ ಪಡೆ ಗಡಿ ದಾಟಿ ಬಂದ ಮೇಲೆ ಅವರಲ್ಲಿ ಎಷ್ಟೋ ಮಂದಿ ಊರಿಗೆ ಮರಳಲೇ ಇಲ್ಲ. ಆ ನೆನಪಿನ ಸಂಗ್ರಹಾಲಯ ಈಗ ಇದೇ ಸೀಮೆಯ ಅಚಿ ಹಳ್ಳಿಯಲ್ಲಿದೆ.

ಇಂಥ ಕಾಲದಲ್ಲಿ ಈ ಹುಡುಗರು ಕಲಿಯುತ್ತಿದ್ದ ಪ್ರಸಂಗಗಳು ಯಾವುವು ಎಂದು ನೋಡಿದರೆ ಎದೆ ಭಾರವಾಗುತ್ತದೆ. ಹಳ್ಳಿ ಕಬುಕಿಯಲ್ಲಿ ಅತಿ ಹೆಚ್ಚು ಆಡುವ ಅಂಕಗಳಲ್ಲೊಂದು 'ಎಹೊನ್ ತಾಯ್ಕೋಕಿ'ಯ ಹತ್ತನೆಯದು. ಇದು 1799ರಲ್ಲಿ ಬೊಂಬೆಯಾಟಕ್ಕೆಂದು ಹುಟ್ಟಿದ್ದು. ದೊರೆಯನ್ನು ಕೊಂದ ಮಿತ್ಸುಹಿದೆಯ ಮಗ ಜೂಜಿರೊ ಹದಿನೆಂಟರ ಹುಡುಗ. ಹುಟ್ಟಿದಾಗಲೇ ಒಂದು ವರ್ಷ ಎಂದು ಎಣಿಸುವ ಹಳೆಯ ಲೆಕ್ಕ ಅದು, ನಮ್ಮ ಲೆಕ್ಕದಲ್ಲಿ ಹದಿನಾರೋ ಹದಿನೇಳೋ. ಯುದ್ಧದಿಂದ ತಾನು ಜೀವಂತ ಬರುವುದಿಲ್ಲ ಎಂದು ಅವನಿಗೆ ಗೊತ್ತು. ಗೊತ್ತು ಮಾಡಿದ ಹುಡುಗಿ ಹತ್ಸುಗಿಕು ಅದನ್ನು ಕೇಳಿಸಿಕೊಂಡುಬಿಡುತ್ತಾಳೆ. ಮನೆಯ ಹಿರಿಯಳು ಇಬ್ಬರನ್ನೂ ಕೂರಿಸಿ ಸಾಕೆ ಕುಡಿಸುತ್ತಾಳೆ. ಮದುವೆಯ ಬಟ್ಟಲೂ ಬೀಳ್ಕೊಡುಗೆಯ ಬಟ್ಟಲೂ ಅದೇ.

ಈ ಅಂಕದ ಒಂದು ತುಣುಕನ್ನು ಹತ್ತಿರದಿಂದ ನೋಡಬೇಕು. ಜೂಜಿರೊ ಮೊದಲು ಬರುವುದು ಮರ್ಯಾದೆಯ ಉಡುಪಿನಲ್ಲಿ, ನೆಲಕ್ಕೆ ಎಳೆಯುವ ಉದ್ದ ಕಾಲುಡುಗೆ ತೊಟ್ಟು. ಕವಚ ತೊಡಲು ಒಳಗೆ ಹೋಗುತ್ತಾನೆ. ಆ ಹೊತ್ತಿನಲ್ಲಿ ಅವನ ಶಿರಸ್ತ್ರಾಣವನ್ನು ಒಳಗೆ ತಲುಪಿಸುವ ಕೆಲಸ ಹತ್ಸುಗಿಕುವಿನದು. ಎತ್ತಲಾರದ ಭಾರ. ತನ್ನ ಉದ್ದ ತೋಳಂಚನ್ನು ನೆಲಕ್ಕೆ ಹಾಸಿ, ಅದರ ಮೇಲೆ ಶಿರಸ್ತ್ರಾಣ ಇಟ್ಟು, ಇಂಚಿಂಚಾಗಿ ಎಳೆದುಕೊಂಡು ಹೋಗುತ್ತಾಳೆ. ರಂಗದ ಶಿರಸ್ತ್ರಾಣ ನಿಜಕ್ಕೂ ಅಷ್ಟು ಭಾರವಿರುವುದಿಲ್ಲ, ಭಾರವನ್ನು ನಟ ತನ್ನ ಸೊಂಟದಿಂದ ತೋರಿಸಬೇಕು. ಹಳ್ಳಿಯ ಹುಡುಗರು ಎಡವುವುದು ಇಲ್ಲೇ. ತೋಳಿನಿಂದ ಎಳೆದರೆ ಭಾರ ಕಾಣುವುದಿಲ್ಲ, ಬಟ್ಟೆ ಜಾರುತ್ತದೆ. ಮೊಣಕಾಲು ಒತ್ತಿ, ಸೊಂಟ ತಗ್ಗಿಸಿ, ಮೈಯನ್ನೇ ಹಿಂದಕ್ಕೆ ಬಿಟ್ಟರೆ ಮಾತ್ರ ಆ ಹುಡುಗಿ ಒಂದು ಸಾವನ್ನೇ ಎಳೆದೊಯ್ಯುತ್ತಿದ್ದಾಳೆ ಎಂದು ಕಾಣುತ್ತದೆ. ತೆರೆಯ ಹಿಂದೆ ಅಷ್ಟರಲ್ಲಿ ಎರಡು ಮೂರು ಜನ ಸೇರಿ ಜೂಜಿರೊಗೆ ಕವಚ ಕಟ್ಟಬೇಕು. ಎದೆ, ತೋಳು, ಮೊಣಕಾಲು ಎಲ್ಲಕ್ಕೂ ದಾರದ ಗಂಟು. ಒಂದು ಗಂಟು ಸಡಿಲಾದರೆ ರಂಗದ ಮೇಲೆ ಬಿಚ್ಚಿಕೊಳ್ಳುತ್ತದೆ. ತಡವಾದರೆ ತಾಯು ಹಾಡನ್ನು ಹಿಗ್ಗಿಸಿ ಹೊತ್ತು ಕೊಡಬೇಕಾಗುತ್ತದೆ, ಹತ್ಸುಗಿಕು ಇನ್ನಷ್ಟು ಅಳಬೇಕಾಗುತ್ತದೆ.

ಕೊನೆಗೆ ಜೂಜಿರೊ ಗಾಯಗೊಂಡು, ಕೂದಲು ಬಿಚ್ಚಿಕೊಂಡು ತೂರಾಡುತ್ತ ಬಂದು ಸಾಯುತ್ತಾನೆ. ಶತ್ರು ಎಂದುಕೊಂಡು ತೂರಿದ ಬಿದಿರಿನ ಈಟಿಯಿಂದ ಮಿತ್ಸುಹಿದೆ ತನ್ನ ತಾಯಿಯನ್ನೇ ಇರಿದಿರುತ್ತಾನೆ. ಅಜ್ಜಿಯೂ ಮೊಮ್ಮಗನೂ ಒಂದೇ ಕೋಣೆಯಲ್ಲಿ ಪ್ರಾಣ ಬಿಡುತ್ತಾರೆ. ಅಲ್ಲಿಯವರೆಗೆ ಬಂಡೆಯಂತೆ ನಿಂತ ಅಪ್ಪ ಕಡೆಗೆ ಒಡೆದು ಅಳುತ್ತಾನೆ. ಇಡೀ ಅಂಕ ಕಾದಿರುವುದು ಆ ಅಳುವಿಗೆ.

'ಕುಮಗಾಯಿಯ ಪಾಳೆಯ' ಇನ್ನೊಂದು ಅಚ್ಚುಮೆಚ್ಚಿನ ಅಂಕ, 1751ರದ್ದು. ರಾಜವಂಶದ ಹುಡುಗನನ್ನು ಉಳಿಸಲು ಕುಮಗಾಯಿ ಹದಿನಾರರ ತನ್ನ ಮಗನ ತಲೆಯನ್ನೇ ಕಡಿದು ಒಪ್ಪಿಸುತ್ತಾನೆ. ಆಮೇಲೆ ಶಿರಸ್ತ್ರಾಣ ತೆಗೆದರೆ ಬೋಳಿಸಿದ ತಲೆ. ಕತ್ತಿ ಬಿಟ್ಟು ಸನ್ಯಾಸಿಯಾಗಿ ಹೊರಟುಹೋಗುತ್ತಾನೆ. 1746ರ 'ತೆರಾಕೊಯಾ'ದಲ್ಲಿ ಮತ್ಸುಓ ತನ್ನ ಪುಟ್ಟ ಮಗನನ್ನು ಇನ್ನೊಬ್ಬರ ಮಗನ ಬದಲಿಗೆ ಸಾಯಲು ಶಾಲೆಗೆ ಕಳಿಸುತ್ತಾನೆ.

ದೊಡ್ಡವರ ಋಣಕ್ಕೆ ಮಕ್ಕಳು ಸಾಯುವ ಕಥೆ ಮೂರರಲ್ಲೂ ಇದೆ. ಯುದ್ಧಕಾಲದ ಸರ್ಕಾರಕ್ಕೆ ಇವು ರಾಜನಿಷ್ಠೆಯ ಪಾಠಗಳಾಗಿ ಕಂಡವು. 1945ರಲ್ಲಿ ಗೆದ್ದು ಬಂದ ಅಮೆರಿಕನ್ನರಿಗೂ ಇವು ರಾಜನಿಷ್ಠೆಯ ಪಾಠಗಳಾಗಿಯೇ ಕಂಡವು, ಅದೇ ಕಾರಣಕ್ಕೆ ನಿಲ್ಲಿಸಿದರು. ಆ ವರ್ಷದ ನವೆಂಬರಿನಲ್ಲಿ ಟೋಕಿಯೊದಲ್ಲಿ ನಡೆಯುತ್ತಿದ್ದ ತೆರಾಕೊಯಾ ಪ್ರದರ್ಶನ ಅರ್ಧಕ್ಕೆ ನಿಂತಿತು. ಸೇಡು, ಊಳಿಗದ ನಿಷ್ಠೆ, ಮಕ್ಕಳ ಬಲಿ ಇರುವ ಪ್ರಸಂಗಗಳು ಒಂದೆರಡು ವರ್ಷ ದೊಡ್ಡ ರಂಗಗಳಿಂದ ದೂರವಾದವು. 1947ರ ನವೆಂಬರಿನಲ್ಲಿ, ದೊರೆಯ ಸಾವಿಗೆ ಸೇಡು ತೀರಿಸುವ ಯೋಧರ ಕಥೆ 'ಚೂಶಿಂಗುರಾ' ಆಡಲು ಒಪ್ಪಿಗೆ ಸಿಕ್ಕ ಮೇಲೆ ಆ ಬಿಗಿ ಸಡಿಲವಾಯಿತು.

ಎರಡೂ ಸರ್ಕಾರಗಳು ಕಥೆಯ ಸಾರಾಂಶ ಓದಿದವು, ಆಟ ನೋಡಲಿಲ್ಲ ಎಂದೇ ನನಗನ್ನಿಸುತ್ತದೆ. ಈ ಅಂಕಗಳಲ್ಲಿ ಬಲಿಯ ನಿರ್ಧಾರ ರಂಗದ ಮೇಲೆ ನಡೆಯುವುದೇ ಇಲ್ಲ, ಅದು ಮೊದಲೇ ಆಗಿಹೋಗಿರುತ್ತದೆ. ರಂಗದ ಮೇಲೆ ಉಳಿಯುವುದು ಅದರ ನೋವು. ತಾಯುವಿನ ಪುಸ್ತಕದಲ್ಲಿ ನಿಷ್ಠೆಯ ಮಾತಿಗೆ ಒಂದೆರಡು ಸಾಲು, ತಾಯಿಯ ಅಳುವಿಗೆ ಪುಟಗಟ್ಟಲೆ. ಹಾಡಿನ ಅತಿ ಕಷ್ಟದ ಸ್ವರಗಳು, ಶಮಿಸೆನ್‌ನ ಅತಿ ನಿಧಾನದ ಮೀಟು ಎಲ್ಲ ಇರುವುದು ಅಲ್ಲಿ. ಚಾಪೆಯ ಮೇಲೆ ಕೂತವರು ಕಾಗದದ ನಾಣ್ಯ ಎಸೆಯುವುದೂ ಅಲ್ಲೇ. ಕೆಂಪು ಕಾಗದದ ಸೈನ್ಯದ ಕರೆ ಮನೆಗೆ ಬಂದಾಗ ಬಾವುಟ ಹಿಡಿದು ನಗುತ್ತ ಕಳಿಸಬೇಕಾಗಿದ್ದ ಕಾಲದಲ್ಲಿ, ಹದಿನೆಂಟರ ಹುಡುಗನಿಗಾಗಿ ನಾಲ್ಕು ಜನರ ಎದುರು ಅಳಲು ಜಾಗ ಕೊಟ್ಟ ಆಟ ಇದು. ಇದನ್ನು ಯುದ್ಧದ ಪ್ರಚಾರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಸಾಮಾನು ಸರಂಜಾಮು. ಮುಖಕ್ಕೆ ಬಿಳಿ ಬಳಿಯುವ ಮೊದಲು ಗಟ್ಟಿ ಮೇಣದೆಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಮೆದುಮಾಡಿ ಮುಖ, ಕುತ್ತಿಗೆ, ಬೆನ್ನ ಮೇಲ್ಭಾಗಕ್ಕೆ ತೆಳ್ಳಗೆ ಹಚ್ಚಬೇಕು. ಹುಬ್ಬು ಅದರಡಿ ಮುಚ್ಚಿಹೋಗಬೇಕು. ಆಮೇಲೆ ನೀರಲ್ಲಿ ಕಲಸಿದ ಬಿಳಿ ಪುಡಿಯನ್ನು ಅಗಲ ಕುಂಚದಿಂದ ಬಳಿದು, ಒದ್ದೆ ಆರುವ ಮೊದಲೇ ತಟ್ಟಿ ತಟ್ಟಿ ಕೂರಿಸಬೇಕು. ಮೇಣ ಒಂದು ಕಡೆ ದಪ್ಪವಾದರೆ ಬೆವರಿಗೆ ಬಿಳಿ ಜಾರುತ್ತದೆ, ತೆಳುವಾದರೆ ಬಿಳಿ ಹಿಡಿಯದೆ ಬಿರುಕು ಬಿಡುತ್ತದೆ. ನೀರು ಹೆಚ್ಚಾದರೆ ಗೀರು ಗೀರು. ಇದಕ್ಕೆ ಬೇಕಾದ ಮೇಣ, ಎಣ್ಣೆ ಎಲ್ಲ ಯುದ್ಧದಲ್ಲಿ ದುಬಾರಿಯಾದ ಸರಕು. ಬಟ್ಟೆಗೆ 1942ರ ಫೆಬ್ರವರಿಯಿಂದ ಪಡಿತರ ಚೀಟಿ ಬಂತು: ಪೇಟೆಯವರಿಗೆ ವರ್ಷಕ್ಕೆ 100 ಪಾಯಿಂಟು, ಹಳ್ಳಿಯವರಿಗೆ 80. ಹೊಸ ವೇಷ ಹೊಲಿಸುವ ಮಾತೇ ಇಲ್ಲ. ತಲೆಗೂದಲಿನ ಟೊಪ್ಪಿಗೆಯ ಬುಡ ನಟನ ತಲೆಯ ಅಳತೆಗೆ ಬಡಿದ ತಾಮ್ರದ ತಗಡು. 1941ರ ಆಜ್ಞೆಯಂತೆ ಲೋಹ ಒಪ್ಪಿಸುವ ಕಾಲದಲ್ಲಿ ಗುಡಿಯ ಗಂಟೆಗಳೇ ಕರಗಲು ಹೋದವು, ಹೊಸ ತಗಡು ಎಲ್ಲಿಯದು? ಬೇರೆಯವರ ತಲೆಗೆ ಬಡಿದದ್ದನ್ನು ಹಾಕಿಕೊಂಡರೆ ಅರ್ಧ ಗಂಟೆಗೆ ತಲೆ ಸಿಡಿಯುತ್ತದೆ, ಸಡಿಲವಿದ್ದರೆ ಮಿಯೆ ತಿರುವಿನಲ್ಲಿ ಪಕ್ಕಕ್ಕೆ ಸರಿಯುತ್ತದೆ. ಊರಿನ ಉಗ್ರಾಣದಲ್ಲಿ ಹಿಂದಿನವರು ಜೋಪಾನ ಮಾಡಿಟ್ಟ ಪೆಟ್ಟಿಗೆಗಳೇ ಇಂಥ ಕಾಲದ ಆಸರೆ. ಉಡುಪನ್ನು ವರ್ಷಕ್ಕೊಮ್ಮೆ ಬಿಸಿಲು ತಾಗದ ಗಾಳಿಗೆ ಹರಡಿ ಒಣಗಿಸುವ, ಹುಳ ನೋಡುವ, ಅಂಚು ಹೊಲಿಯುವ ಕೆಲಸ ತಪ್ಪಿಸಿದ ಊರಲ್ಲಿ ಎರಡು ಮಳೆಗಾಲಕ್ಕೆ ರೇಷ್ಮೆ ಕೊಳೆತುಹೋಗುತ್ತದೆ.

ಇದೇ ಕಣಿವೆಯ ಬೊಂಬೆಯಾಟದವರ ಪಾಡು ಇನ್ನೂ ಬಿಗಿ. ಇಯಿದಾದ ಇಮಾದಾದಲ್ಲಿ ಬೊಂಬೆಯಾಟ 1704ರಿಂದ ಇದೆ. ಕುರೊದಾದ ಗುಡಿಯಂಗಳದ ಬೊಂಬೆಯ ರಂಗ 1840ರದ್ದು. ಒಂದು ಬೊಂಬೆಗೆ ಮೂರು ಜನ. ತಲೆ ಮತ್ತು ಬಲಗೈ ಮುಖ್ಯಸ್ಥನದು, ಎಡಗೈ ಎರಡನೆಯವನದು, ಕಾಲು ಮೂರನೆಯವನದು. ಕಾಲಿನವನೇ ಚಿಕ್ಕವನು, ಬಗ್ಗಿ ಬಗ್ಗಿ ಸೊಂಟ ಬೀಳುವ ಕೆಲಸ ಅವನದು. ಹೆಣ್ಣು ಬೊಂಬೆಗೆ ಕಾಲೇ ಇರುವುದಿಲ್ಲ, ಮುಷ್ಟಿಯಿಂದ ಉಡುಪಿನ ಅಂಚು ಹಿಡಿದು ನಡಿಗೆಯನ್ನೂ ಮೊಣಕಾಲನ್ನೂ ಅವನೇ ಹುಟ್ಟಿಸಬೇಕು. ಮುಖ್ಯಸ್ಥ ಬಾಯಿ ಬಿಡದೆ ಬೊಂಬೆಯ ತಲೆ, ಭುಜದ ಸಣ್ಣ ಅಲುಗಾಟದಲ್ಲಿ ಸೂಚನೆ ಕೊಡುತ್ತಾನೆ. ಉಳಿದಿಬ್ಬರು ಅದನ್ನು ಓದಿ ಅದೇ ಕ್ಷಣಕ್ಕೆ ಚಲಿಸಬೇಕು. ಜೊತೆಯಾಗಿ ವರ್ಷಗಟ್ಟಲೆ ದುಡಿಯದವರಿಗೆ ಇದು ಬರುವುದಿಲ್ಲ. ತಾಯ್ಕೋಕಿಯ ಹತ್ತನೆಯ ಅಂಕಕ್ಕೆ ಆರು ಮುಖ್ಯ ಬೊಂಬೆ ಎಂದರೆ ಹದಿನೆಂಟು ಜನ. ಮೂವರಲ್ಲಿ ಒಬ್ಬ ಸೈನ್ಯಕ್ಕೆ ಹೋದರೆ ಒಬ್ಬ ಕಡಿಮೆಯಾದ ಹಾಗಲ್ಲ, ಇಡೀ ಬೊಂಬೆಯೇ ಪೆಟ್ಟಿಗೆ ಸೇರಿದ ಹಾಗೆ. ಆಗ ಉಳಿಯುವ ದಾರಿ ಒಂದೇ, ಇರುವ ಕೈಗಳಿಗೆ ತಕ್ಕ ಸಣ್ಣ ಅಂಕ ಆರಿಸಿಕೊಳ್ಳುವುದು.

ಪೇಟೆಗಳಲ್ಲಿ ರಂಗಮಂದಿರಗಳೇ ಹೋದವು. 1944ರ ಮಾರ್ಚಿನಲ್ಲಿ ಸರ್ಕಾರ ದೊಡ್ಡ ರಂಗಮಂದಿರಗಳನ್ನು ಮುಚ್ಚಿಸಿತು, ಟೋಕಿಯೊದ ಕಬುಕಿ-ಜಾ ಅದರಲ್ಲೊಂದು. 1945ರ ಮೇ 25ರ ಬಾಂಬ್ ದಾಳಿಯಲ್ಲಿ ಅದು ಸುಟ್ಟುಹೋಯಿತು. ಅದಕ್ಕೂ ಮುಂಚೆ ಮಾರ್ಚಿನಲ್ಲಿ ಒಸಾಕಾದ ಬುನ್ರಾಕು-ಜಾ ಬೊಂಬೆ, ಉಡುಪುಗಳ ಸಮೇತ ಉರಿದಿತ್ತು. ಬೆಟ್ಟದ ಹಳ್ಳಿಗಳಲ್ಲಿ ಆ ಬೆಂಕಿ ಬೀಳಲಿಲ್ಲ. ರಂಗ, ಪೆಟ್ಟಿಗೆ, ಕೈಬರಹದ ಪುಸ್ತಕ ಇದ್ದ ಹಾಗೇ ಉಳಿದವು, ಕಲಿಸುವ ಮುದುಕರೂ ಉಳಿದರು. ಈ ಕೊನೆಯದೇ ದೊಡ್ಡದು. ಹಳ್ಳಿ ಕಬುಕಿ ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ಬರುವ ವಿದ್ಯೆ. ಎಲ್ಲಿ ಉಸಿರು ಹಿಡಿಯಬೇಕು, ಯಾವ ಕಾಲು ಮೊದಲು ಎಂಬುದು ಪುಸ್ತಕದಲ್ಲಿ ಇರುವುದಿಲ್ಲ. ಐವತ್ತು ದಾಟಿದವನು ತಾನು ಇಪ್ಪತ್ತರಲ್ಲಿ ಮಾಡಿದ ಪಾತ್ರವನ್ನು ಮರೆತಿರುವುದಿಲ್ಲ. ಯುವಕರು ಇಲ್ಲದ ನಾಲ್ಕೈದು ವರ್ಷವನ್ನು ಅಂಥವರ ಮೈ ದಾಟಿಸಬಲ್ಲದು, ಹದಿನೈದು ವರ್ಷವಾಗಿದ್ದರೆ ಆಗುತ್ತಿರಲಿಲ್ಲ.

ಸೋಲಿನ ಮರುವರ್ಷಗಳಲ್ಲಿ ಜಪಾನಿನ ಹಳ್ಳಿಗಳಲ್ಲಿ ಆಟದ ಹುಚ್ಚು ಹಬ್ಬಿತು. ಮರಳಿ ಬಂದ ಯುವಕರು ಕೂಟ ಕಟ್ಟಿ, ಕಬುಕಿಯೋ ಜೂಜುಕೋರರ ಕುಣಿತವೋ ಅಂತೂ ರಂಗ ಹತ್ತಿದರು. ಹೆಣ್ಣುಮಕ್ಕಳೂ ವೇಷ ಕಟ್ಟತೊಡಗಿದರು. 1629ರಿಂದ ರಂಗದಿಂದ ಹೆಂಗಸರನ್ನು ಹೊರಗಿಟ್ಟ ಕಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಐಚಿ ಪ್ರಾಂತದ ತೊಯೊಕಾವಾದಲ್ಲಿ 1940ರ ದಶಕದ ಕೊನೆಗೆ ಹುಡುಗಿಯರದೇ ಕಬುಕಿ ತಂಡ ಹುಟ್ಟಿತು. ಅವರ ಕೆಲಸ ಮೆಚ್ಚಿ ಕಬುಕಿಯ ಅತಿ ದೊಡ್ಡ ಮನೆತನ ಇಚಿಕಾವಾ ಎಂಬ ತನ್ನ ಹೆಸರನ್ನೇ ಬಳಸಲು ಒಪ್ಪಿತು, 1950ರ ದಶಕದ ಮೊದಲಲ್ಲಿ ಟೋಕಿಯೊದಲ್ಲೂ ಅವರ ಆಟ ನಡೆಯಿತು. ಅದೇ ತೊಯೊಕಾವಾದ ನೌಕಾ ಶಸ್ತ್ರಾಗಾರದ ಮೇಲೆ 1945ರ ಆಗಸ್ಟ್ 7ರಂದು ಬಾಂಬ್ ಬಿದ್ದು 2,500ಕ್ಕೂ ಹೆಚ್ಚು ಜನ ಸತ್ತಿದ್ದರು. ಕೆಲಸಕ್ಕೆ ಹಚ್ಚಿದ್ದ ಶಾಲಾ ಮಕ್ಕಳೂ ಹುಡುಗಿಯರೂ ಅವರಲ್ಲಿ ಅನೇಕರು. ತಂಡದ ಹುಡುಗಿಯರು ಬೆಳೆದದ್ದು ಆ ಊರಲ್ಲಿ.

ಒಶಿಕಾದಲ್ಲಿ ಈಗ ಜನಸಂಖ್ಯೆ ಸುಮಾರು ಒಂದು ಸಾವಿರ. ಮೇ 3ರಂದು ಒಂದು ಆಟ, ಅಕ್ಟೋಬರಿನ ಮೂರನೆಯ ಭಾನುವಾರ ಇನ್ನೊಂದು. ಪ್ರೌಢಶಾಲೆಯ ಮಕ್ಕಳಿಗೆ 1970ರ ದಶಕದಿಂದ ಕಬುಕಿ ಕಲಿಸುತ್ತ ಬಂದಿದ್ದಾರೆ. 2017ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರದ ಮಹತ್ವದ ಜಾನಪದ ಸಂಪತ್ತು ಎಂದು ಗುರುತಿಸಿತು. ಸೋತ ಹೈಕೆ ಕುಲದ ಕಾಗೆಕಿಯೊನ ಕಥೆಯುಳ್ಳ 'ರೊಕುಸೆನ್‌ರ್ಯೋ' ಎಂಬ ಪ್ರಸಂಗ ಜಪಾನಿನಲ್ಲಿ ಬೇರೆಲ್ಲೂ ಉಳಿದಿಲ್ಲ, ಇಲ್ಲಿಯವರು ಮಾತ್ರ ಆಡುತ್ತಾರೆ. ಅಲ್ಲಿನ ಆಟಕ್ಕೆ ಹೋಗುವವರು ನಟರನ್ನು ನೋಡುವಷ್ಟೇ ಗಮನವಿಟ್ಟು ತಾಯುವಿನ ಕೈಯನ್ನೂ ನೋಡಲಿ. ಪಾತ್ರ ಕಟ್ಟುವ ಮಕ್ಕಳನ್ನು ಶಾಲೆಯಿಂದ ತರಬಹುದು, ಒಂಟಿಯಾಗಿ ಕೂತು ಹಾಡುತ್ತ ನುಡಿಸುವವನು ಶಾಲೆಯ ಅವಧಿಯಲ್ಲಿ ತಯಾರಾಗುವುದಿಲ್ಲ. ಈಗ ಆ ಹಳ್ಳಿಯಲ್ಲಿ ಅತಿ ಹೆಚ್ಚು ಕಾಳಜಿ ಬೇಕಿರುವುದು ಆ ಜಾಗಕ್ಕೆ.